ಪೆಟ್ಟಿಗೆಯೊಳಗಿನ ಪರಾಕ್ರಮ

ಕೊರಿಯರ್‌ನಲ್ಲಿ ಪಾರ್ಸೆಲ್ ಬಂದರೆ ಲೋಕದ ಜನ ಒಳಗೇನಿದೆ ಎಂದು ನೋಡುತ್ತಾರೆ. ಗೊಂಬಿ ಕಾಕಾ ಮೊದಲು ರಟ್ಟು ನೋಡುತ್ತಾರೆ. ಹೆಬ್ಬೆರಳು ತೋರುಬೆರಳ ನಡುವೆ ಪೆಟ್ಟಿಗೆಯ ಅಂಚು ಹಿಡಿದು, ನಾಡಿ ನೋಡುವ ಪಂಡಿತರ ಹಾಗೆ ಕಣ್ಣು ಮುಚ್ಚಿ, "350 ಜಿಎಸ್‌ಎಂ ಐತಿ. ಒಳಪದರ ಹಳೇ ಕಾಗದದ್ದು. ಇಲ್ಲೇ ರೊಕ್ಕ ಉಳಿಸ್ಯಾರ ಮಕ್ಕಳು" ಎನ್ನುತ್ತಾರೆ. ದಾಂಡೇಲಿಯಲ್ಲಿ ಇದೇನೂ ಅತಿಶಯವಲ್ಲ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಹುಟ್ಟಿದ ಊರಿದು. ಇಲ್ಲಿ ಮದುವೆಯ ಕರೆಯೋಲೆ ಕೈಗೆ ಬಂದರೂ ವಧೂವರರ ಹೆಸರು ಓದುವ ಮೊದಲು ಕಾಗದವನ್ನು ಉಜ್ಜಿ ನೋಡುವವರಿದ್ದಾರೆ. ಕಾಕಾ ಮಿಲ್ಲಿನ ಫಿನಿಶಿಂಗ್ ವಿಭಾಗದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಒಳಗೆ ಸ್ಪೈಡರ್‌ಮ್ಯಾನ್ ಇದ್ದಾನೋ ಬ್ಯಾಟ್‌ಮ್ಯಾನ್ ಇದ್ದಾನೋ ಎಂಬುದು ಅವರಿಗೆ ಎರಡನೆಯ ಮಾತು. ಪೆಟ್ಟಿಗೆಯ ಮೂಲೆ ನುಗ್ಗಾಗಿದ್ದರೆ ಅಂದು ಅವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಸೂತಕದ ಮನೆಗೆ ಹೋದಂತೆ ನಾವು ನಾಲ್ಕು ಜನ ಹೋಗಿ ಕೂತು, "ಆದದ್ದು ಆಗಿಹೋತು ಬಿಡ್ರಿ" ಎಂದು ಹೇಳಿ ಬರಬೇಕು.

ವೀರರ ಗೊಂಬೆ ಕೂಡಿಡುವ ಈ ಜಾತಿಯ ಮನುಷ್ಯರು ಈಗ ಎಲ್ಲ ಊರಲ್ಲೂ ಒಬ್ಬೊಬ್ಬರಿದ್ದಾರೆ. ಬೆಂಗಳೂರಿನಲ್ಲಿದ್ದರೆ ಜನಸಂದಣಿಯ ಮಧ್ಯೆ ಮರೆಯಾಗಿ ಹೋಗುತ್ತಾರೆ. ದಾಂಡೇಲಿಯಲ್ಲಿ ಎದ್ದು ಕಾಣುತ್ತಾರೆ. ಪ್ರವಾಸಿಗಳು ಕಾಳಿ ನದಿಯಲ್ಲಿ ರಾಫ್ಟಿಂಗ್‌ಗೆ ಬರುತ್ತಾರೆ, ಮಂಗಟ್ಟೆ ಹಕ್ಕಿ ನೋಡಲು ಬರುತ್ತಾರೆ. ಓಣಿಯ ಹುಡುಗರಿಗೆ ಮಾತ್ರ ನೋಡಬೇಕಾದ ಸ್ಥಳವೆಂದರೆ ಕಾಕಾ ಅವರ ಹಿಂದಿನ ಕೋಣೆ. ನೆಲದಿಂದ ಜಂತಿಯ ತನಕ ಗಾಜಿನ ಕಪಾಟು, ಕಪಾಟಿನೊಳಗೆ ಪೆಟ್ಟಿಗೆ, ಪೆಟ್ಟಿಗೆಗೆ ಅಕ್ರಿಲಿಕ್ ಕವಚ, ಕವಚದ ಒಳಗೆ, ಪ್ಲಾಸ್ಟಿಕ್ ಕಿಟಕಿಯ ಹಿಂದೆ, ಕೈಕಾಲಿಗೆ ತಂತಿ ಬಿಗಿಸಿಕೊಂಡು ನಿಂತ ಜಗದೇಕವೀರರು. ಜಗತ್ತನ್ನು ಕಾಪಾಡಲು ಹುಟ್ಟಿದವರಿಗೆ ಇಲ್ಲಿ ಒಂದೇ ಕೆಲಸ, ಏನೂ ಮಾಡದೆ ಇರುವುದು. ಸೂಪರ್‌ಮ್ಯಾನ್ ಹಾರಬಾರದು. ಹಲ್ಕ್‌ಗೆ ಸಿಟ್ಟು ಬರಬಾರದು. ಸ್ಪೈಡರ್‌ಮ್ಯಾನ್ ಗೋಡೆ ಹತ್ತಿದರೆ ಅರ್ಧಕ್ಕರ್ಧ ಬೆಲೆ ಇಳಿಯುತ್ತದೆ. ಸುಮ್ಮನಿದ್ದಷ್ಟೂ ಬಡ್ತಿ ಸಿಗುವ ಇಂಥ ನೌಕರಿಗಾಗಿ ನಾನೂ ಎಷ್ಟೋ ಸಲ ಅರ್ಜಿ ಹಾಕಿದ್ದೇನೆ, ಸಿಕ್ಕಿಲ್ಲ.

ಹಾಗಾದರೆ ಇವರು ಏನನ್ನೂ ಬಿಚ್ಚುವುದೇ ಇಲ್ಲವೇ? ಬಿಚ್ಚುತ್ತಾರೆ. ಅದಕ್ಕಾಗಿಯೇ ಪ್ರತಿಯೊಬ್ಬ ವೀರನನ್ನೂ ಎರಡೆರಡು ತರಿಸುತ್ತಾರೆ. "ಒಂದು ಬಿಚ್ಚಾಕ, ಒಂದು ಇಡಾಕ" ಎಂಬುದು ಈ ಪಂಥದ ಮೂಲಮಂತ್ರ. ಬಿಚ್ಚಿದ್ದು ವಿಮರ್ಶೆಗೆ. ರವಿವಾರ ಬೆಳಿಗ್ಗೆ ಪಡಸಾಲೆಯ ಮೇಲೆ ಬಿಳಿ ಪಂಚೆ ಹಾಸಿ, ಎದುರಿಗೆ ಮೊಬೈಲ್ ನಿಲ್ಲಿಸಿ, ಕಾಕಾ ಕೂತರೆ ಸುತ್ತ ಹುಡುಗರ ಸಂತೆ. ನಾಲ್ಕು ಬಾಬ್ತಿಗೆ ಹತ್ತರಂತೆ ಅಂಕ: ಬಣ್ಣ, ಜಾಯಿಂಟ್, ಸಂಗಡ ಬಂದ ಸಾಮಾನು, ಬಾಕ್ಸು. ಮೊಣಕಾಲು ಎರಡು ಕಡೆ ಮಡಚಬೇಕು, ಪಾದ ಓರೆಯಾಗಬೇಕು, ಕತ್ತು ಮೇಲೆತ್ತಿ ಆಕಾಶ ನೋಡುವಂತಿರಬೇಕು. ಕತ್ತು ಮೇಲೇಳದ ಸೂಪರ್‌ಮ್ಯಾನ್ ಹಾರುವಾಗ ನೆಲ ನೋಡಿಕೊಂಡು ಹಾರಬೇಕಾಗುತ್ತದೆ, "ಕಳಕೊಂಡ ನಾಲ್ಕಾಣೆ ಹುಡುಕಿದಂಗ" ಎಂದು ಕಾಕಾ ಮರುಗುತ್ತಾರೆ. ಆರಡಿ ಮನುಷ್ಯನನ್ನು ಹನ್ನೆರಡನೆಯ ಒಂದು ಪಾಲಿಗೆ ಇಳಿಸಿದರೆ ಆರಿಂಚು, ಆರನೆಯ ಒಂದು ಪಾಲಿಗೆ ಇಳಿಸಿದರೆ ಒಂದಡಿ. ಈ ಲೆಕ್ಕ ಓಣಿಯ ಮೂರನೇ ಇಯತ್ತೆಯ ಹುಡುಗನಿಗೂ ಬಾಯಿಪಾಠ. ಶಾಲೆಯಲ್ಲಿ ಭಿನ್ನರಾಶಿ ಮಾತ್ರ ಬರುವುದಿಲ್ಲ.

ಸಂಗಡ ಬರುವ ಸಾಮಾನೆಂದರೆ ಮುಖ್ಯವಾಗಿ ಕೈಗಳು. ಒಂದು ಜೊತೆ ಮುಷ್ಟಿ, ಒಂದು ಜೊತೆ ಅಂಗೈ, ಒಂದು ಜೊತೆ ಬಲೆ ಎಸೆಯುವ ಬೆರಳು. ಕಿತ್ತು ಕಿತ್ತು ಹಾಕಬಹುದು. ಶೇಂಗಾ ಬೀಜಕ್ಕಿಂತ ಸಣ್ಣವು. ಕೆಲಸದಾಕೆ ಕಸ ಗುಡಿಸುತ್ತ, "ಅಕ್ಕಾರ, ಇಲ್ಲಿ ಯಾರದೋ ಕೈ ಬಿದ್ದೈತ್ರೀ" ಎಂದು ನೆಮ್ಮದಿಯಿಂದ ಕೂಗುವ ಮನೆ ಉತ್ತರ ಕನ್ನಡದಲ್ಲಿ ಇದೊಂದೇ ಇರಬೇಕು.

ವಿಮರ್ಶೆ ಗೊಂಬೆಗೇ ನಿಂತಿದ್ದರೆ ಯಾರ ತಕರಾರೂ ಇರಲಿಲ್ಲ. ಅದು ಅವರ ಮೈಗೆ ಹತ್ತಿಬಿಟ್ಟಿದೆ. ಸ್ವಂತ ಅಣ್ಣನ ಮಗನಿಗೆ ಹಳಿಯಾಳದಲ್ಲಿ ಹೆಣ್ಣು ನೋಡಲು ಹೋದಾಗ ಬೀಗರಾಗಬೇಕಾದವರು ಸುಮ್ಮನೆ ಉಪಚಾರಕ್ಕೆ, "ಹುಡುಗ ಹೆಂಗ್ರೀ, ನೀವ ಹೇಳಬೇಕು" ಎಂದರು. ಕಾಕಾ ಅವಲಕ್ಕಿಯ ತಟ್ಟೆ ಕೆಳಗಿಟ್ಟು, ಹುಡುಗನನ್ನು ಎರಡೂ ಮಗ್ಗುಲಿಂದ ನೋಡಿ, "ಫಿನಿಶಿಂಗ್ ಚಲೋ ಐತ್ರೀ. ಜಾಯಿಂಟ್ ಸ್ವಲ್ಪ ಬಿಗಿ. ಸಂಗಡ ಬರೋ ಸಾಮಾನು ಕಡಿಮಿ. ಒಟ್ಟು ಹತ್ತಕ್ಕ ಆರು" ಎಂದರು. ಸಂಬಂಧ ಕೂಡಲಿಲ್ಲ. ತಮ್ಮ ವಿಮರ್ಶೆಯಲ್ಲಿ ರಕ್ತಸಂಬಂಧಕ್ಕೂ ರಿಯಾಯಿತಿ ಇಲ್ಲ ಎಂಬುದಕ್ಕೆ ಈ ಪ್ರಸಂಗವನ್ನು ಅವರು ಇಂದಿಗೂ ಹೆಮ್ಮೆಯಿಂದ ಉದಾಹರಿಸುತ್ತಾರೆ, ಅಣ್ಣನ ಎದುರಿಗೇ.

ಕಾಕಾ ಅವರ ಅತ್ತೆಯ ಮೊಣಕಾಲು ಬದಲಿಸಿದಾಗಲೂ ಇದೇ ಕಥೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇಷ್ಟ್ ರೊಕ್ಕ ಕೊಟ್ಟು ಸಿಂಗಲ್ ಜಾಯಿಂಟ್ ಏನ್ರೀ ಡಾಕ್ಟರ್? ಎರಡೂವರೆ ಸಾವಿರದ ಕ್ಯಾಪ್ಟನ್ ಅಮೆರಿಕಾಗ ಡಬಲ್ ಇರ್ತೈತಿ" ಎಂದು ಕೇಳಿದವರು ಇವರು. ಅತ್ತೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಸೇಡನ್ನು ಮಳೆಗಾಲಕ್ಕೆ ಇಟ್ಟುಕೊಂಡರು. ಜೂನ್ ಬಂತೆಂದರೆ ದಾಂಡೇಲಿಯಲ್ಲಿ ಚಪ್ಪಲಿಗೂ ಬೂಷ್ಟು, ದೇವರ ಪಟಕ್ಕೂ ಬೂಷ್ಟು. ರಟ್ಟು ನೀರು ಕುಡಿದು ಉಬ್ಬುತ್ತದೆ. ಪಿವಿಸಿ ಗೊಂಬೆಗಳ ಮೈಯಿಂದ ಮೆತ್ತನೆಯ ಎಣ್ಣೆಯಂಥದ್ದು ಜಿನುಗಿ ಕೈಗೆ ಅಂಟಿಕೊಳ್ಳುತ್ತದೆ. ದೊಡ್ಡ ಗೊಂಬೆಗಳ ರಬ್ಬರ್ ಅಂಗಿ ಬಿರಿಯುತ್ತದೆ. ಕಾಕಾ ಮನೆಮಂದಿಯ ಔಷಧದ ಡಬ್ಬಿಗಳಿಂದೆಲ್ಲ ಸಿಲಿಕಾ ಜೆಲ್ ಪೊಟ್ಟಣ ಕದ್ದು ಕಪಾಟಿಗೆ ತುಂಬಿದರು, ಸಾಲಲಿಲ್ಲ. ಕಡೆಗೆ ಗಾಳಿಯ ತೇವ ಹೀರುವ ಯಂತ್ರ ತಂದು ವೀರರ ಕೋಣೆಯಲ್ಲಿಟ್ಟರು. ಮರುದಿನವೇ ಅತ್ತೆ ಹಾಸಿಗೆ ಸುತ್ತಿಕೊಂಡು ಅಲ್ಲಿಗೆ ಬಂದರು. "ಅಳಿಯಂದ್ರ, ಥಂಡಿ ನನ್ನ ಜಾಯಿಂಟಿಗೂ ಆಗಿಬರೂದಿಲ್ಲ." ಈಗ ಪ್ರತಿ ಮಳೆಗಾಲವೂ ಅಲ್ಲೇ ಅವರ ವಾಸ. ಜೋಕರ್ ಒಬ್ಬನನ್ನು ಮಾತ್ರ ಗೋಡೆಯ ಕಡೆ ತಿರುಗಿಸಿಟ್ಟಿದ್ದಾರೆ. ರಾತ್ರಿ ಎಚ್ಚರಾದಾಗ ಅವನ ನಗು ಸರಿಹೋಗುವುದಿಲ್ಲವಂತೆ.

ಹಣದ ವಿಷಯ ಬಂದರೆ ಕಾಕಾ ಸತ್ಯವಂತರು, ಒಂದು ಸೊನ್ನೆಯನ್ನು ಬಿಟ್ಟರೆ. ಹಾಂಗ್‌ಕಾಂಗಿನ ಹಾಟ್ ಟಾಯ್ಸ್ ಕಂಪನಿಯ ಒಂದಡಿ ಎತ್ತರದ ಐರನ್‌ಮ್ಯಾನ್ ಇಲ್ಲಿಗೆ ಬರುವಷ್ಟರಲ್ಲಿ 25 ಸಾವಿರ ದಾಟಿರುತ್ತದೆ. ಮನೆಯಲ್ಲಿ ಅದರ ಬೆಲೆ ಎರಡೂವರೆ ಸಾವಿರ. ಬಜೆಟ್ ದಿನ ಮಿಲ್ಲಿನವರೆಲ್ಲ ಆದಾಯ ತೆರಿಗೆಗೆ ಕಿವಿಕೊಟ್ಟರೆ ಇವರು ಆಟಿಕೆಗೆ ಕಿವಿಕೊಡುತ್ತಾರೆ. 2020ರಲ್ಲಿ ಆಮದು ಆಟಿಕೆಗಳ ಸುಂಕ ಶೇ 20ರಿಂದ ಶೇ 60ಕ್ಕೆ ಹಾರಿತು. 2021ರ ಜನವರಿಯಿಂದ ಆಟಿಕೆಗೆ ಭಾರತೀಯ ಮಾನಕದ ಗುರುತು ಕಡ್ಡಾಯವಾಯಿತು. 2023ರಲ್ಲಿ ಸುಂಕ ಶೇ 70 ಆಯಿತು. ನಮ್ಮ ಆಟಿಕೆ ಮಾಡುವವರು ಬದುಕಲಿ ಎಂಬ ಉದ್ದೇಶ, ತಪ್ಪೇನಿಲ್ಲ. ಆದರೆ ಬೇರೆ ಗ್ರಹದಿಂದ ಅಡೆತಡೆಯಿಲ್ಲದೆ ಭೂಮಿಗಿಳಿದ ಸೂಪರ್‌ಮ್ಯಾನ್ ಕಸ್ಟಮ್ಸ್ ಗೋದಾಮಿನಲ್ಲಿ ವಾರಗಟ್ಟಲೆ ಬಿದ್ದಿರುವುದನ್ನು ನೆನೆದಾಗ ಕಾಕಾಗೆ ಅನ್ನ ಇಳಿಯುವುದಿಲ್ಲ.

ಕಾಕಾ ಅವರ ಹೆಂಡತಿ ಕಾಕೂ ಒಮ್ಮೆ ಸೊನ್ನೆಯ ಗುಟ್ಟನ್ನು ಪತ್ತೆ ಹಚ್ಚಿದರು. ಕಾಕಾ ಹೆದರಲಿಲ್ಲ; ಸಿದ್ಧವಾಗಿಯೇ ಇದ್ದರು. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 'ಆ್ಯಕ್ಷನ್ ಕಾಮಿಕ್ಸ್' ಸಂಚಿಕೆಯ ಬೆಲೆ ಆಗ ಹತ್ತು ಸೆಂಟ್, 2024ರಲ್ಲಿ ಅದರ ಒಂದು ಪ್ರತಿ 60 ಲಕ್ಷ ಡಾಲರಿಗೆ ಹೋಯಿತು, ಇದು ಖರ್ಚಲ್ಲ, ಹೂಡಿಕೆ ಎಂದು ಬೋಧಿಸಿದರು. ಕಾಕೂ ಸಮಾಧಾನದಿಂದ ಕೇಳಿಸಿಕೊಂಡು, "ಅಂದ್ರ ಬೆಲೆ ಬಂದದ್ದು ಕಾಗದಕ್ಕ. ಕಾಗದದ ಕಾರ್ಖಾನ್ಯಾಗ ಕೂತು ಪ್ಲಾಸ್ಟಿಕ್ ತರಸ್ತೀರಲ್ಲ, ನಿಮಗೇನನ್ನಬೇಕು" ಎಂದು ಒಳಗೆ ಹೋದರು. ಮಿಲ್ಲಿನ ಮೂರೂ ಪಾಳಿಯಲ್ಲಿ ಈ ಮಾತು ಒಂದು ವಾರ ಓಡಾಡಿತು.

ಹುಚ್ಚು ಎಲ್ಲಿಂದ ಬಂತೆಂದರೆ ಒಂದು ಕಾಲು ಗೋವಾದಲ್ಲಿ, ಒಂದು ಕಾಲು ಕಾಡಿನಲ್ಲಿ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೊ ಕಂಪನಿ ಗಂಡು ಹುಡುಗರಿಗೆಂದು ಜಿ.ಐ. ಜೋ ಸೈನಿಕನನ್ನು ತಂದಿತು. ನಮ್ಮಲ್ಲಿ ಎಂಬತ್ತರ ದಶಕದ ಕೊನೆಗೆ ಫನ್‌ಸ್ಕೂಲ್ ಅದನ್ನು ಮಾಡತೊಡಗಿತು. ಜೋಯಿಡಾದ ಅನಮೋಡ ಘಟ್ಟ ಇಳಿದರೆ ಸಿಗುವ ಗೋವಾದಲ್ಲಿ ಅವರ ಕಾರ್ಖಾನೆ. ಸೈನಿಕನ ಸೊಂಟದೊಳಗೆ ಒಂದು ರಬ್ಬರ್ ಬಳೆ. ಅದು ಒಣಗಿ ತುಂಡಾದರೆ ಮೇಲಿನ ಯೋಧ ಬೇರೆ, ಕೆಳಗಿನ ಯೋಧ ಬೇರೆ. ಆಗ ಎಳೆಯ ಹುಡುಗನಾಗಿದ್ದ ಕಾಕಾ ಅವನ್ನೆಲ್ಲ ಕಾಳಿ ಹೊಳೆಯಲ್ಲಿ ಈಜು ಕಲಿಸಲು ಬಿಟ್ಟರು. ಈಗ ಅದೇ ಫನ್‌ಸ್ಕೂಲ್ ಜೋಗಳನ್ನು, ಬಣ್ಣ ಅಡ್ಡಾದಿಡ್ಡಿ ಇದೆಯೆಂಬ ಕಾರಣಕ್ಕೇ, ಅಮೆರಿಕದವರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಬೇಸಿಗೆಯಲ್ಲಿ ಹೊಳೆಯ ನೀರು ಇಳಿದಾಗ ಕಾಕಾ ದಂಡೆಯಲ್ಲಿ ಬಗ್ಗಿ ಬಗ್ಗಿ ನಡೆಯುವುದನ್ನು ಕಂಡು ಪ್ರವಾಸಿಗಳು ಮೊಸಳೆ ತಜ್ಞರೆಂದು ತಿಳಿದು ಫೋಟೋ ತೆಗೆಯುತ್ತಾರೆ.

ಕಾಡಿನ ಪಾಲು ಕಾಕಾ ಅವರ ಅಪ್ಪನದು. ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಫ್ಯಾಂಟಮ್ ಇಂದ್ರಜಾಲ ಕಾಮಿಕ್ಸ್ ಮೂಲಕ ನಮ್ಮ ಮನೆಗಳಿಗೆ ಬಂದ, ಕನ್ನಡದಲ್ಲೂ ಬಂದ. ಅವನಿದ್ದ ಬಂಗಲ್ಲಾ ಕಾಡನ್ನು ಇಲ್ಲಿಯ ಪ್ರಕಾಶಕರು ಡೆಂಕಾಲಿ ಮಾಡಿದ್ದರು. ದಾಂಡೇಲಿಯ ಓದುಗರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಏಕೆ ಬೇಕು? ಅಚ್ಚಿನ ಮೊಳೆ ತಪ್ಪಾಗಿದೆ ಅಷ್ಟೆ. ಫ್ಯಾಂಟಮ್‌ನ ತಲೆಬುರುಡೆಯ ಗವಿ ಕುಳಗಿಯಿಂದಾಚೆ ಎಲ್ಲೋ ಇದೆ ಎಂದು ಅಪ್ಪ ಕೈತೋರಿಸಿದ್ದನ್ನು ಮಗ ಇನ್ನೂ ಪೂರ್ತಿ ಕೈಬಿಟ್ಟಿಲ್ಲ.

ಆ ಕಾಡಿನವರಿಗೆ ಮಾತ್ರ ಕಾಕಾ ಅವರ ವೀರರು ಅಷ್ಟಾಗಿ ನಾಟುವುದಿಲ್ಲ. ಜೋಯಿಡಾ ಕಡೆಯ ಹಳ್ಳಿಯ ಹಿರಿಯರೊಬ್ಬರು ಗೆಡ್ಡೆಗೆಣಸು ಕೊಡಲು ಬಂದಿದ್ದರು. ಕಾಕಾ ಅವರನ್ನು ಕೋಣೆಗೆ ಕರೆದೊಯ್ದು, ದೀಪ ಹಚ್ಚಿ, ಕರಿಯ ಅಂಗಿಯ ವೀರನನ್ನು ತೋರಿಸಿ, ಇವನು ಬ್ಲ್ಯಾಕ್ ಪ್ಯಾಂಥರ್, 1966ರಲ್ಲಿ ಮೊದಲು ಕಾಣಿಸಿಕೊಂಡ, ಬಲು ಅಪರೂಪ ಎಂದು ವಿವರಿಸಿದರು. ಹಿರಿಯರು ಬಾಗಿ ನೋಡಿ, "ಕಪ್ಪು ಚಿರತೆ ಏನ್ರೀ? ನಮ್ಮ ಹಿತ್ತಲಾಗ ಮೊನ್ನೆ ಬಂದಿತ್ತು. ನಾಯಿ ಒಯ್ತು" ಎಂದು, ಗೆಣಸಿನ ಚೀಲ ಎಲ್ಲಿಡಲಿ ಎಂದು ಕೇಳಿದರು.

ಈ ಪಂಥದಲ್ಲಿ ಪಾಷಂಡಿಗಳೂ ಇದ್ದಾರೆ. ಕಾಕಾ ಅವರ ಷಡ್ಡಕರು ಹಳಿಯಾಳದವರು. ಅವರದೂ ಸಂಗ್ರಹವೇ, ಆದರೆ ಎಲ್ಲವೂ ಹುಬ್ಬಳ್ಳಿಯ ದುರ್ಗದಬೈಲಿನ ಮಾಲು. ಅವರ ಸ್ಪೈಡರ್‌ಮ್ಯಾನ್ ಹಸಿರು. ಬ್ಯಾಟ್‌ಮ್ಯಾನ್ ಎದೆಯಲ್ಲಿ ಕೆಂಪು ಲೈಟು, ಬೆನ್ನಲ್ಲಿ ಸೆಲ್ಲು. ಮಾಘದಲ್ಲಿ ಉಳವಿ ಚೆನ್ನಬಸವಣ್ಣನ ಜಾತ್ರೆಗೆ ಇಬ್ಬರೂ ಕೂಡಿ ಹೋಗುತ್ತಾರೆ. ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಬಂದು ಬಿಟ್ಟ ಬಯಲಿನಾಚೆ ಆಟಿಕೆ ಅಂಗಡಿಗಳ ಸಾಲು. ಷಡ್ಡಕರು ಎಂಬತ್ತು ರೂಪಾಯಿಗೆ ಮೂರು ಗಾಲಿಯ ಸೂಪರ್‌ಮ್ಯಾನ್‌ನನ್ನು ಕೊಂಡು, ಅಲ್ಲೇ ಕಾಗದ ಹರಿದೊಗೆದು, ಧೂಳಿನಲ್ಲಿ ಓಡಿಸಿಯೇ ಬಿಟ್ಟರು. ಕಾಕಾ ಕಣ್ಣು ಮುಚ್ಚಿಕೊಂಡರು. "ನಿಮ್ಮ ಸೂಪರ್‌ಮ್ಯಾನ್ ಹಾಡ್ತಾನೇನ್ರೀ?" ಎಂದು ಷಡ್ಡಕರು ಗುಂಡಿ ಒತ್ತಿದರು. ಅವನು ಹಿಂದಿ ಸಿನಿಮಾ ಹಾಡು ಹಾಡಿದ. ಚಕ್ಕಡಿಯ ಕೆಳಗೆ ಮಲಗಿದ್ದ ಎತ್ತು ಎದ್ದು ನಿಂತಿತು. ನನ್ನನ್ನು ಕೇಳಿದರೆ ಅಂದು ಆ ಬಯಲಿನಲ್ಲಿ ಪರಾಕ್ರಮ ತೋರಿದ ವೀರ ಅವನೊಬ್ಬನೇ.

ಕಾಕಾ ನಿಜವಾಗಿ ಸೋತದ್ದು ಮುಂಡಗೋಡದಲ್ಲಿ. 1966ರಿಂದ ಅಲ್ಲಿ ನೆಲೆ ನಿಂತ ಟಿಬೆಟನ್ನರ ಕ್ಯಾಂಪಿಗೆ ಸ್ವೆಟರ್ ತರಲು ಹೋಗಿದ್ದೆವು. ಅಲ್ಲಿಯ ಡ್ರೆಪುಂಗ್ ಮಠದಲ್ಲಿ ಸನ್ಯಾಸಿಗಳು ನೆಲದ ಹಲಗೆಯ ಮೇಲೆ ಬಣ್ಣದ ಮರಳಿನ ಮಂಡಲ ಬರೆದು ಮುಗಿಸಿದ್ದರು. ಕೊಳವೆಯಿಂದ ಒಂದೊಂದೇ ಚಿಟಿಕೆ ಮರಳು ಉದುರಿಸಿ, ದಿನಗಟ್ಟಲೆ ಬಗ್ಗಿ ಕೂತು ಮಾಡಿದ ಕೆಲಸ. ಕಾಕಾ ಕನ್ನಡಕ ಒರೆಸಿಕೊಂಡು ಮೂರು ಸುತ್ತು ಬಂದರು. "ಬಣ್ಣ ಹತ್ತಕ್ಕ ಹತ್ತು. ಒಂದು ಕಡೆನೂ ಗೆರಿ ದಾಟಿಲ್ಲ" ಎಂದು ಪಿಸುಗುಟ್ಟಿದರು. ಅವರ ಬಾಯಲ್ಲಿ ಹತ್ತು ಕೇಳಿದ್ದು ನಾನು ಅದೇ ಮೊದಲು. ಇದಕ್ಕೆ ಅಕ್ರಿಲಿಕ್ ಕವಚ ಯಾವ ಅಳತೆಯದು ಬೇಕಾದೀತು ಎಂದು ಗೇಣು ಹಾಕುತ್ತಿರುವಾಗಲೇ ಮಂತ್ರ ಮುಗಿಯಿತು; ಹಿರಿಯ ಲಾಮಾ ಒಬ್ಬರು ಬಂದು ಮಂಡಲದ ಮೇಲೆ ಅಡ್ಡಡ್ಡ ಗೆರೆ ಎಳೆದರು, ಮತ್ತೊಬ್ಬರು ಕುಂಚ ಹಿಡಿದು ಎಲ್ಲವನ್ನೂ ನಡುವಿಗೆ ಗುಡಿಸಿದರು. ಕಾಕಾ ನನ್ನ ತೋಳು ಹಿಡಿದುಕೊಂಡರು. ಉಗುರಿನ ಗುರುತು ಎರಡು ದಿನ ಇತ್ತು.

"ಯಾಕ್ರೀ ಸ್ವಾಮಿ, ಯಾಕ್ ಅಳಿಸಿದ್ರಿ?" ಎಂದರು ಹತ್ತಿರವಿದ್ದ ಎಳೆಯ ಸನ್ಯಾಸಿಯನ್ನು. ಅವನು ಮುಂಡಗೋಡದಲ್ಲೇ ಹುಟ್ಟಿದವನು, ನಮಗಿಂತ ಚೆಂದ ಕನ್ನಡ. "ಮುಗೀತಲ್ರೀ" ಎಂದ.

ಮರಳಿನ ಹೆಚ್ಚಿನ ಪಾಲು ಹರಿವ ನೀರಿಗೆ ಹೋಗುತ್ತದಂತೆ. ಉಳಿದದ್ದನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಬಂದವರಿಗೆ ಪ್ರಸಾದವಾಗಿ ಕೊಡುತ್ತಿದ್ದರು. ಕಾಕಾ ಸಾಲಿನಲ್ಲಿ ನಿಂತರು. ಪೊಟ್ಟಣವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಸಾಲು ಮುಂದೆ ಸರಿಯಲಿಲ್ಲ. ನೋಡಿದರೆ ಇವರು ಮತ್ತೆ ಕೈ ಚಾಚಿ ನಿಂತಿದ್ದಾರೆ.

"ಇನ್ನೊಂದು ಕೊಡ್ರೀ. ಒಂದು ಬಿಚ್ಚಾಕ, ಒಂದು ಇಡಾಕ."