ಡಬ್ಬಿಯ ಮೇಲೆ ಎಲೆಯ ಊರೂ ಇರಲಿ

ಹಳೆಯ ಪೈಪ್ ತಂಬಾಕಿನ ಹೆಸರುಗಳನ್ನು ಮತ್ತೆ ಮಾರುಕಟ್ಟೆಗೆ ತರುತ್ತಿರುವ ತಯಾರಕರಿಗೆ,



ನಿಂತುಹೋಗಿದ್ದ ಮಿಶ್ರಣವೊಂದು ಮರಳಿ ಬಂದಾಗಲೆಲ್ಲ ಗಿರಾಕಿಗಳು ಕೇಳುವುದು ಒಂದೇ ಮಾತು: ಇದು ಅದೇನಾ? ನಿಮ್ಮ ಡಬ್ಬಿ ಅದಕ್ಕೆ ಉತ್ತರ ಕೊಡುವುದಿಲ್ಲ. ಹೊಗೆಸೊಪ್ಪು ಬಾಯಿ, ಗಂಟಲಿನ ಕ್ಯಾನ್ಸರ್ ತರುತ್ತದೆ. ಹೊಸಬರು ಪೈಪ್ ಹಿಡಿಯಲಿ ಎಂದು ನಾನು ಬರೆಯುತ್ತಿಲ್ಲ. ಆದರೆ ಮಾರುವ ಪದಾರ್ಥದ ಬಗ್ಗೆ ನಿಜ ಹೇಳುವ ಹೊಣೆ ನಿಮ್ಮ ಮೇಲಿದೆ.

ಡನ್‌ಹಿಲ್ ಮಿಶ್ರಣಗಳನ್ನೇ ನೋಡಿ. ಆಲ್‌ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದರು. ಅಲ್ಲಿ ಗಿರಾಕಿಯ ರುಚಿಗೆ ತಕ್ಕಂತೆ ಎಲೆ ಬೆರೆಸಿ, ಯಾವ ಎಲೆ ಎಷ್ಟು ಎಂಬುದನ್ನು ಪುಸ್ತಕದಲ್ಲಿ ನಂಬರು ಹಾಕಿ ಬರೆದಿಡುತ್ತಿದ್ದರು. 'ಮೈ ಮಿಕ್ಸ್‌ಚರ್ 965' ಎಂಬ ಹೆಸರು ಹುಟ್ಟಿದ್ದು ಹಾಗೆ. 1981ರಲ್ಲಿ ತಯಾರಿಕೆ ಬೆಲ್‌ಫಾಸ್ಟಿಗೆ ಹೋಯಿತು, 2005ರ ಹೊತ್ತಿಗೆ ಡೆನ್ಮಾರ್ಕಿಗೆ. ಹೆಸರು ಮಾತ್ರ ಹಾಗೇ ಇತ್ತು. 2018ರಲ್ಲಿ ಡನ್‌ಹಿಲ್ ಹೆಸರಿನ ಪೈಪ್ ತಂಬಾಕು ನಿಂತಿತು. ಮರುವರ್ಷ ಅದೇ 965, ಡನ್‌ಹಿಲ್ಲಿನ ಇನ್ನೊಂದು ಮಿಶ್ರಣವಾದ ನೈಟ್‌ಕ್ಯಾಪ್ ಪೀಟರ್ಸನ್ ಹೆಸರಿನಲ್ಲಿ ಡೆನ್ಮಾರ್ಕಿನಿಂದಲೇ ಬಂದವು. ಲೇಬಲ್ ಬದಲಾದಾಗ ಅಭಿಮಾನಿಗಳು ಗೋಳಾಡಿದರು. ಬೆರೆಸುವ ಕೈಗಳು ಬದಲಾಗಿದ್ದು ಅದಕ್ಕೂ ಎಷ್ಟೋ ಮೊದಲು.

'ತ್ರೀ ನನ್ಸ್' ಕಥೆ ಇದರ ತಿರುಗುಮುರುಗು. ಗ್ಲಾಸ್ಗೋದ ಬೆಲ್ ಕಂಪನಿಯ ಈ ತಂಬಾಕು ಪುಟ್ಟ ದುಂಡು ಬಿಲ್ಲೆಗಳಾಗಿ ಬರುತ್ತಿತ್ತು. ಅದಕ್ಕೆ ಹೆಸರು ತಂದಿದ್ದು ಪೆರೀಕ್ ಎಲೆ. ಅಮೆರಿಕದ ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಈ ಎಲೆಯನ್ನು ವಿಸ್ಕಿಯ ಪೀಪಾಯಿಗೆ ತುಂಬಿ, ಮೇಲಿಂದ ಅದುಮಿ, ಅದರ ರಸದಲ್ಲೇ ತಿಂಗಳುಗಟ್ಟಲೆ ಹುದುಗಿಸುತ್ತಾರೆ. ಒಣಹಣ್ಣಿನ ವಾಸನೆ, ಮೆಣಸಿನ ಚುರುಕು ಎರಡೂ ಒಟ್ಟಿಗೆ ಬರುತ್ತವೆ. ಡೆನ್ಮಾರ್ಕಿನಲ್ಲಿ ಮರುಹುಟ್ಟು ಪಡೆದ ತ್ರೀ ನನ್ಸ್‌ನಲ್ಲಿ ಪೆರೀಕ್ ಇಲ್ಲ. ಬೆಂಕಿಯ ಹೊಗೆಯಲ್ಲಿ ಹದಮಾಡಿದ ಕೆಂಟಕಿ ಎಲೆ ಇದೆ. ಕೆಟ್ಟ ತಂಬಾಕೇನಲ್ಲ, ಬೇರೆ ಹೆಸರಿನಲ್ಲಿ ಬಂದಿದ್ದರೆ ಹೊಗಳುತ್ತಿದ್ದೆ. ಆದರೆ ಪೆರೀಕ್ ಇಂದಿಗೂ ಬೆಳೆಯುತ್ತದೆ. ಸಿಗುವ ಎಲೆಯನ್ನು ಕೈಬಿಟ್ಟು ಹೆಸರನ್ನು ಮಾತ್ರ ಉಳಿಸಿಕೊಂಡಿದ್ದನ್ನು ನಾನು ಒಪ್ಪಲಾರೆ.

'ಬಾಲ್ಕನ್ ಸೊಬ್ರಾನಿ' ವಿಷಯದಲ್ಲಿ ಅಷ್ಟು ನಿಷ್ಠುರನಾಗಲಾರೆ. 2011ರಲ್ಲಿ ಜರ್ಸಿ ದ್ವೀಪದ ಜರ್ಮೇನ್ ಸಂಸ್ಥೆ ಅದನ್ನು ಮತ್ತೆ ಮಾಡಿತು. ಹಳಬರು ನೆನೆಯುವುದು ಮೂಲ ಮಿಶ್ರಣದಲ್ಲಿದ್ದ, ಹೊಗೆ ಹಾಕಿ ಹದಮಾಡಿದ ಸಿರಿಯಾದ ಲಟಾಕಿಯಾ ಎಲೆಯನ್ನು. ಆ ಎಲೆ ಪೈಪ್ ತಂಬಾಕಿನ ವ್ಯಾಪಾರದಿಂದ ಹೆಚ್ಚುಕಡಿಮೆ ಮಾಯವಾಗಿದೆ. ಈಗ ಬಳಕೆಯಲ್ಲಿರುವುದು ಸೈಪ್ರಸ್ ಬಗೆಯದು. ತಳಿಯೂ ಬೇರೆ, ಹೊಗೆ ಹಾಕುವ ಸೌದೆಯೂ ಬೇರೆ. ಇಲ್ಲದ್ದನ್ನು ಯಾರೂ ತರಲಾರರು.

ಗಿರಾಕಿಗಳಿಗೂ ಒಂದು ಮಾತು ಹೇಳಲೇಬೇಕು. ದಶಕಗಳ ಹಿಂದೆ ಮುಚ್ಚಿದ ಡಬ್ಬಿಯನ್ನು ಇಂದು ಒಡೆದು, ಪಕ್ಕದಲ್ಲಿ ಈ ವರ್ಷದ್ದನ್ನಿಟ್ಟು ತೂಗುವುದು ನ್ಯಾಯವಲ್ಲ. ಮುಚ್ಚಿದ ಡಬ್ಬಿಯೊಳಗೂ ವರ್ಜೀನಿಯಾ ಎಲೆ ಮಾಗುತ್ತದೆ, ಲಟಾಕಿಯಾದ ಹೊಗೆವಾಸನೆ ತಣ್ಣಗಾಗುತ್ತದೆ. ವರ್ಷ ಕಳೆದ ಅಪ್ಪೆಮಿಡಿಯ ಎದುರು ನಿನ್ನೆ ಹಾಕಿದ ಉಪ್ಪಿನಕಾಯಿ ಇಟ್ಟಂತೆ ಅದು. ಹಳೆಯದು ಹೊಸದಾಗಿದ್ದಾಗ ಹೇಗಿತ್ತೆಂದು ಹೇಳಬಲ್ಲ ನಾಲಿಗೆಗಳು ಈಗ ಕಡಿಮೆ.

ಎಲೆ ವರ್ಷವರ್ಷಕ್ಕೂ ಬದಲಾಗುತ್ತದೆಂಬುದು ನಮ್ಮ ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ಬೆಳೆಗಾರರಿಗೆ ಹೊಸತಲ್ಲ. ಮಳೆ ಏರುಪೇರಾದರೆ ಎಲೆಯ ಬಣ್ಣ ಬೇರೆ. ತಂಬಾಕು ಮಂಡಳಿಯ ಹರಾಜಿನಲ್ಲಿ ದರ್ಜೆ ನೋಡಿಯೇ ಬೇಲ್‌ಗೆ ಬೆಲೆ. ಬೆಳೆಯುವವನಿಗೆ ಇಷ್ಟು ಲೆಕ್ಕ ಕೇಳುವ ವ್ಯಾಪಾರ, ಸೇದುವವನ ಮುಂದೆ ಮಾತ್ರ ಏಕೆ ಬಾಯಿ ಮುಚ್ಚುತ್ತದೆ? ಅಮೆರಿಕದ ಮೆಕ್ಲೆಲೆಂಡ್ ಕಂಪನಿ, ಬೇಕಾದ ಗುಣದ ಎಲೆ ಸಿಗುತ್ತಿಲ್ಲವೆಂದು ಹೇಳಿಯೇ 2018ರಲ್ಲಿ ಬಾಗಿಲು ಹಾಕಿತು. ಆ ಪ್ರಾಮಾಣಿಕತೆಗೆ ನನ್ನ ನಮಸ್ಕಾರ.

ಹಳೆಯ ಹೆಸರುಗಳನ್ನು ತನ್ನಿ, ಬೇಡವೆನ್ನುವುದಿಲ್ಲ. ಆದರೆ ಒಳಗಿರುವ ಎಲೆಗಳು ಯಾವುವು, ಎಲ್ಲಿ ಬೆಳೆದವು, ಡಬ್ಬಿ ಮುಚ್ಚಿದ ವರ್ಷ ಯಾವುದು, ಮೂಲದಲ್ಲಿದ್ದ ಯಾವ ಎಲೆ ಈಗಿಲ್ಲ ಎಂಬುದನ್ನು ಅಚ್ಚುಹಾಕಿಸಿ. ಅಷ್ಟು ಬರೆಯಲು ಮನಸ್ಸಿಲ್ಲದಿದ್ದರೆ 'ಒರಿಜಿನಲ್' ಎಂಬ ಪದವನ್ನು ಡಬ್ಬಿಯಿಂದ ತೆಗೆಯಿರಿ.

ಇಂತಿ,
ಒಬ್ಬ ಹಳೆಯ ಗಿರಾಕಿ