ಏರ್‌ಪೋರ್ಟಿಗೆ ಹತ್ತೇ ನಿಮಿಷ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ., ಹತ್ತಿರ ಹತ್ತಿರ 17 ಗಂಟೆ. ಮಕ್ಕಳು ಅಮೆರಿಕದಲ್ಲಿರುವ ಯಾರನ್ನು ಕೇಳಿದರೂ ಈ ಉತ್ತರ ಬಾಯಿಪಾಠ. ರನ್‌ವೇ ಮೇಲೆ ಸಂಸಾರ ಹೂಡಿದವರಿಗೆ ಇದಕ್ಕಿಂತ ಉಪಯುಕ್ತ ಮಾಹಿತಿ ಇನ್ನೊಂದಿಲ್ಲ. ವಿಮಾನ ನಿಲ್ದಾಣದಿಂದ ದೂರದ ಬನಶಂಕರಿಯಲ್ಲಿ ಮನೆ ಮಾಡಿಕೊಂಡವರು ಮಾತ್ರ ಈ ಲೆಕ್ಕದ ಹೊರಗೆ.

2021ರ ಜನವರಿ 11ರಂದು ಏರ್ ಇಂಡಿಯಾದ ವಿಮಾನವೊಂದು, ಕಾಕ್‌ಪಿಟ್‌ನಲ್ಲಿ ಬರೀ ಮಹಿಳೆಯರೇ ಕೂತು, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ, ಎಲ್ಲೂ ನಿಲ್ಲದೆ ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಬಂದಿಳಿಯಿತು. ಎರಡೂ ಊರು ಭೂಮಿಯ ಎದುರುಬದುರು ಮಗ್ಗುಲಲ್ಲಿವೆ. ಗ್ಲೋಬಿನ ಮೇಲೆ ದಾರ ಬಿಗಿಹಿಡಿದರೆ ಅದು ಧ್ರುವದ ಹತ್ತಿರವೇ ಹಾಯುತ್ತದೆ. ಇದಕ್ಕೆ ಸರಿಯಾಗಿ ಒಂದು ವಾರ ಮುಂಚೆ, ಜನವರಿ 4ರಂದು, ಬೆಂಗಳೂರಿನವರಿಗೆ ಅದೇ ನಿಲ್ದಾಣಕ್ಕೆ ರೈಲಿನಲ್ಲಿ ಹೋಗುವ ಭಾಗ್ಯ ಬಂತು. ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ! ಧ್ರುವದ ಹಿಮ ದಾಟುವ ದಾರಿ, ಯಲಹಂಕ ದಾಟುವ ರೈಲು, ಎರಡನ್ನೂ ಒಂದೇ ವಾರದ ಅಂತರದಲ್ಲಿ ದಯಪಾಲಿಸಿದರು. ಹಾಗಂತ ರೈಲು ಟರ್ಮಿನಲ್ ಬಾಗಿಲಿಗೇ ಬರುತ್ತದೆಂದು ತಿಳಿಯಬೇಡಿ. ಹಾಲ್ಟ್‌ನಲ್ಲಿ ಇಳಿದು ಬಸ್ ಹತ್ತಬೇಕು.

ಇನ್ನು ಆ 17 ಗಂಟೆ. ವಿಮಾನ ಗೇಟಿನಿಂದ ಕದಲಿದಾಗ ಕಂಪನಿಯ ಗಡಿಯಾರ ಓಡತೊಡಗುತ್ತದೆ, ಆ ತುದಿಯ ಗೇಟಿಗೆ ಬಂದು ನಿಂತಾಗ ನಿಲ್ಲುತ್ತದೆ. ಅದಕ್ಕೂ ಒಂದಿಷ್ಟು ನಿಮಿಷ ಹೆಚ್ಚಿಗೆ ಸೇರಿಸಿಯೇ ವೇಳಾಪಟ್ಟಿ ಬರೆಯುವುದು ಜಗತ್ತಿನ ವಿಮಾನಯಾನದ ಗುಟ್ಟಲ್ಲದ ಗುಟ್ಟು. ಆಮೇಲೆ “ನಿಗದಿತ ಸಮಯಕ್ಕಿಂತ ಮೊದಲೇ ತಲುಪಿದ್ದೇವೆ” ಎಂಬ ಘೋಷಣೆ. ಪಾಸ್ ಮಾರ್ಕನ್ನು ಇಪ್ಪತ್ತಕ್ಕೆ ಇಳಿಸಿದ ಮೇಷ್ಟ್ರು, ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಎಂದು ಹಂಚುವ ಪೇಡೆಯ ಹಾಗೆ ಇದನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಬೇಕು.

ಮಗಳ ಬಾಣಂತನಕ್ಕೆ ಹೊರಟ ದಂಪತಿಯ ಗಂಟೆಗಳು ಯಾವ ಪಟ್ಟಿಯಲ್ಲೂ ಇಲ್ಲ. 23 ಕಿಲೋ ಮೀರಿದ ಸೂಟ್‌ಕೇಸನ್ನು ಕೌಂಟರಿನೆದುರು ನೆಲದ ಮೇಲೆ ಬಿಚ್ಚಿಕೊಂಡು ಕೂತಿದ್ದಾರೆ. ಚಟ್ನಿಪುಡಿ ಆ ಕಡೆ, ಅಂಟಿನುಂಡೆ ಈ ಕಡೆ. “ರೀ, ಸಾರಿನಪುಡಿ ಮುಟ್ಟಬೇಡಿ, ನಿಮ್ಮ ಸ್ವೆಟರ್ ತೆಗೀರಿ!” ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ಹದಿಮೂರೂವರೆ ಗಂಟೆ ಹಿಂದಿರುವುದರಿಂದ, ಮಧ್ಯಾಹ್ನ ಎರಡಕ್ಕೆ ಹಾರಿದರೆ ಅದೇ ದಿನ ಸಂಜೆ ಐದೂವರೆಗೆ ಇಳಿಯಬಹುದು. ಟಿಕೆಟ್ಟಿನ ಮೇಲೆ ನೋಡಿದರೆ ಬರೀ ಮೂರೂವರೆ ಗಂಟೆ. ಬನಶಂಕರಿ ಬಿಟ್ಟು, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ತೆವಳಿ, ಲಗೇಜು ಒಪ್ಪಿಸಿ, ಸೆಕ್ಯುರಿಟಿಯವರ ಮುಂದೆ ಬೆಲ್ಟ್ ಬಿಚ್ಚಿ ನಿಲ್ಲುವ ಹೊತ್ತಿಗೆ ಅಷ್ಟು ಸಮಯ ಬೆಂಗಳೂರಿನಲ್ಲೇ ಮುಗಿದಿರುತ್ತದೆ.

ಈಗ ನಗರಕ್ಕೆ ಎರಡನೇ ವಿಮಾನ ನಿಲ್ದಾಣದ ಮಾತು. ಈಗಿನ ನಿಲ್ದಾಣದ 150 ಕಿ.ಮೀ. ಸುತ್ತಿನಲ್ಲಿ 2033ರವರೆಗೆ ಪೈಪೋಟಿಗೆ ಇನ್ನೊಂದು ಬರಕೂಡದೆಂಬ ಕರಾರಿದೆ. ಸೈಟು ಮಾರುವವರಿಗೆ ಕರಾರಿನ ಹಂಗೇನು? ಕನಕಪುರ ರಸ್ತೆ, ನೆಲಮಂಗಲದ ಹೆಸರು ಕೇಳಿಬಂತೆಂದರೆ ಬೋರ್ಡ್ ಬರೆಯುವವನಿಗೆ ಕೈತುಂಬ ಕೆಲಸ: “ಏರ್‌ಪೋರ್ಟಿಗೆ ಹತ್ತೇ ನಿಮಿಷ.” ಏರ್‌ಪೋರ್ಟ್ ಇನ್ನೂ ಇಲ್ಲ, ನಿಮಿಷ ಮಾತ್ರ ಆಗಲೇ ಹತ್ತು.