ನಾನು ತಿನ್ನುವ ಎಣ್ಣೆ, ಸ್ವಾಮಿ!

ಕೊಬ್ಬರಿ ಎಣ್ಣೆ ಲೀಟರಿಗೆ ನಾನೂರರ ಗಡಿ ದಾಟಿದ ಮೇಲೂ ಅದರ ಸಂದರ್ಶನ ಮಾಡದಿದ್ದರೆ ಪತ್ರಿಕಾಧರ್ಮಕ್ಕೆ ಶೋಭೆಯಲ್ಲ. 2025ರಲ್ಲಿ ಕೊಬ್ಬರಿ ಮಾರುಕಟ್ಟೆ ಹೇಗೆ ಕುಣಿಯಿತು, ಓಣಂ ಹೊತ್ತಿಗೆ ಕೇರಳದವರು ಏನೆಂದರು, ಬಚ್ಚಲುಮನೆಯ ಬಾಗಿಲಲ್ಲಿ ಯಾರು ಯಾರಿಗೆ "ಒಂದು ಚಮಚ ಸಾಕು, ಸುರಿದುಕೊಳ್ಳಬೇಡ" ಎಂದು ಗದರಿದರು ಎಂಬುದೆಲ್ಲ ಓದುಗರಿಗೆ ಗೊತ್ತಿರುವ ಕತೆ. ನಮ್ಮ ಪ್ರಶ್ನೆ ಬೇರೆ. ಕೂದಲು, ಚರ್ಮದ ಆರೈಕೆಯಲ್ಲಿ ಕಾಸು ಉಳಿಸಲು ಹೊರಟವರಿಗೆ ಮೊದಲು ಸಿಗುವ ಸಲಹೆಯೇ ಈ ಎಣ್ಣೆ. ಈ ದರದಲ್ಲೂ ಆ ಸಲಹೆ ನಿಲ್ಲುತ್ತದೆಯೇ? ಉತ್ತರ ಕೊಡಲು ಒಪ್ಪಿದ್ದು ಕಾಲು ಲೀಟರಿನ ಒಂದು ಬಾಟಲಿ.

ಪ್ರಶ್ನೆ: ಬಡವರ ಎಣ್ಣೆ ಎಂದು ಇನ್ನೂ ಹೇಳಿಕೊಳ್ಳಲು ನಿಮಗೆ ಸಂಕೋಚವಿಲ್ಲವೇ?

ಎಣ್ಣೆ: ದರದ ಮಾತು ಆಮೇಲೆ. ಮೊದಲು ನನ್ನ ಕೇಸು ಬರೆದುಕೊಳ್ಳಿ. ಮೈಮೇಲೆ ಹಸಿರು ಚುಕ್ಕೆ ಇದೆ, ಖಾದ್ಯ ತೈಲ ಎಂದು ಅಚ್ಚಾಗಿದೆ. ಆದರೂ ಸುಂಕದವರು, "ನೀನು ಸಣ್ಣ ಬಾಟಲಿಯಲ್ಲಿದ್ದೀಯ, ಆದ್ದರಿಂದ ತಲೆಗೆ ಹಚ್ಚುವ ಎಣ್ಣೆ" ಎಂದರು. ಡಬ್ಬದಲ್ಲಿದ್ದರೆ ಅಡುಗೆಮನೆ, ಬಾಟಲಿಯಲ್ಲಿದ್ದರೆ ಬಚ್ಚಲುಮನೆ! ಸುಮಾರು 15 ವರ್ಷ ಅಲೆದೆ. 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ರಂಜನ್ ಗೊಗೊಯ್ ಅವರು ತಿನ್ನುವ ಎಣ್ಣೆ ಎಂದರು, ನ್ಯಾಯಮೂರ್ತಿ ಆರ್. ಭಾನುಮತಿ ಅವರು ಸಣ್ಣ ಪೊಟ್ಟಣದಲ್ಲಿದ್ದರೆ ತಲೆಯ ಎಣ್ಣೆ ಎಂದರು. ಕೊನೆಗೆ 2024ರ ಡಿಸೆಂಬರ್ 18ರಂದು ಮೂವರ ಪೀಠ ನನ್ನ ಮಾನ ಉಳಿಸಿತು. ಆಗ ತಿನ್ನುವ ಎಣ್ಣೆಗೆ ಶೇ 5 ಜಿಎಸ್‌ಟಿ, ತಲೆಯ ಎಣ್ಣೆಗೆ ಶೇ 18. ಗೆದ್ದೆ ಅಂದುಕೊಂಡೆ. ಒಂಬತ್ತು ತಿಂಗಳು ಕಳೆಯಿತೋ ಇಲ್ಲವೋ, 2025ರ ಸೆಪ್ಟೆಂಬರ್ 22ರಿಂದ ತಲೆಯ ಎಣ್ಣೆ, ಶಾಂಪೂ, ಸೋಪು ಎಲ್ಲಕ್ಕೂ ಶೇ 5! ಹಾಗಾದರೆ ನಾನು ಅಷ್ಟು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದ್ದು ಯಾಕೆ?

ಪ್ರಶ್ನೆ: ಮಾನ ಉಳಿದದ್ದಕ್ಕೆ ಅಭಿನಂದನೆ. ಆದರೆ ನಿಮ್ಮ ಲೇಬಲ್ಲಿನಲ್ಲಿ ಹಸಿರು ಚುಕ್ಕೆಗಿಂತ ಮುಖ್ಯವಾದದ್ದೊಂದಿದೆ, ಅದನ್ನು ಯಾರೂ ಓದುವುದಿಲ್ಲ. ಲೀಟರಿಗಿಂತ ಕಡಿಮೆ ಇರುವ ಬಾಟಲಿಯ ಮೇಲೆ ಒಂದು ಮಿಲಿಗೆ ಎಷ್ಟು ಬಿತ್ತು ಎಂದು ಮುದ್ರಿಸಬೇಕೆಂಬ ನಿಯಮವಿದೆ. ಮುದ್ರಿಸುತ್ತಾರೆ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ. ಅದನ್ನು ಹುಡುಕಿ ಓದಿದವರಿಗೆ ಜಾಹೀರಾತಿನ ಅರ್ಧ ಮಂಕು ಹರಿದಂತೆ. ನೀವು ಲೀಟರಿಗೆ 500 ರೂಪಾಯಿಯೇ ಆಗಿದ್ದೀರಿ ಎಂದಿಟ್ಟುಕೊಳ್ಳೋಣ. ಮಿಲಿಗೆ 50 ಪೈಸೆ. ಒಂದು ಚಮಚ ಎಂದರೆ 5 ಮಿಲಿ, ಎರಡೂವರೆ ರೂಪಾಯಿ. ವಾರಕ್ಕೆ ಎರಡು ಸಲ ಹಚ್ಚಿದರೂ ತಿಂಗಳಿಗೆ 20 ರೂಪಾಯಿ. ಇನ್ನು 30 ಮಿಲಿಯ ಸೀರಮ್ ಒಂದಕ್ಕೆ 600 ರೂಪಾಯಿ ಎಂದಿಟ್ಟುಕೊಂಡರೆ ಮಿಲಿಗೆ 20. ಅಂದರೆ ನಿಮ್ಮ ಇಡೀ ತಿಂಗಳ ಖರ್ಚು ಅದರ ಸುಮಾರು ಇಪ್ಪತ್ತು ಹನಿಗೆ ಸಮ, ಹನಿಗೊಂದು ರೂಪಾಯಿ! ನೀವು ಎರಡು ಪಟ್ಟು ದುಬಾರಿಯಾದಿರಿ ಎಂದು ಊರೆಲ್ಲ ಗೊಣಗಿತು. ನಲವತ್ತು ಪಟ್ಟು ದುಬಾರಿ ಇರುವುದರ ಬಗ್ಗೆ ಯಾರೂ ಗೊಣಗಲಿಲ್ಲ. ಇದೇ ಲೆಕ್ಕದಲ್ಲಿ ಶಾಂಪೂ ನೋಡಿದರೆ, ಎಷ್ಟೋ ಸಲ ದೊಡ್ಡ ಬಾಟಲಿಗಿಂತ ಒಂದು ರೂಪಾಯಿಯ ಸ್ಯಾಶೆಯೇ ಮಿಲಿಗೆ ಅಗ್ಗ ಬೀಳುತ್ತದೆ. ದೊಡ್ಡದು ಕೊಂಡರೆ ಲಾಭ ಎಂಬ ನಮ್ಮ ನಂಬಿಕೆಗೆ ಅಂಗಡಿಯವನು ನಗುತ್ತಾನೆ. ಇದಕ್ಕೆ ಏನಂತೀರಿ?

ಎಣ್ಣೆ: ನಿಮ್ಮ ಪ್ರಶ್ನೆ ಬಾಟಲಿಗಿಂತ ಉದ್ದವಾಯಿತು. ಆದರೂ ಆ ಸುಂಕದವರು—

ಪ್ರಶ್ನೆ: ಸುಂಕದವರು ಇರಲಿ. ಅಗ್ಗ ಎಂದ ಮಾತ್ರಕ್ಕೆ ಸಾಲದು, ಕೆಲಸ ಮಾಡಬೇಕಲ್ಲ? ಪುರಾವೆ ಏನಿದೆ?

ಎಣ್ಣೆ: ಇದೆ! 2003ರಲ್ಲಿ ಜರ್ನಲ್ ಆಫ್ ಕಾಸ್ಮೆಟಿಕ್ ಸೈನ್ಸ್‌ನಲ್ಲಿ ಬಂದಿದೆ. ನನ್ನನ್ನು, ಸೂರ್ಯಕಾಂತಿ ಎಣ್ಣೆಯನ್ನು, ಮಿನರಲ್ ಆಯಿಲ್ಲನ್ನು ಕೂದಲಿಗೆ ಹಚ್ಚಿ ಅಳೆದರು. ತೊಳೆಯುವಾಗ, ಬಾಚುವಾಗ ಕೂದಲಿನಿಂದ ಸೋರಿಹೋಗುವ ಪ್ರೊಟೀನನ್ನು ಗಮನಾರ್ಹವಾಗಿ ತಡೆದದ್ದು ನಾನೊಬ್ಬನೇ. ನನ್ನಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರ, ಕೂದಲಿನೊಳಕ್ಕೆ ಇಳಿಯುತ್ತದೆ. ಮಿನರಲ್ ಆಯಿಲ್ ಹೊರಗೇ ಮಿರುಗುತ್ತ ಕೂರುತ್ತದೆ.

ಇಲ್ಲಿ ಬಾಟಲಿ ನುಂಗಿಕೊಂಡ ಒಂದು ಸಂಗತಿ ಇದೆ. ಆ ಪ್ರಬಂಧ ಬರೆದವರು ಮಾರಿಕೋ ಕಂಪನಿಯ ಸಂಶೋಧನಾ ವಿಭಾಗದವರು. ಕೊಬ್ಬರಿ ಎಣ್ಣೆ ಮಾರುವವರೇ ಕೊಬ್ಬರಿ ಎಣ್ಣೆ ಒಳ್ಳೆಯದು ಎಂದರೆ ಹುಬ್ಬೇರಿಸಲೇಬೇಕು. ಆದರೆ ಸಂಶಯ ಒಂದೇ ಸಾಕ್ಷ್ಯವಲ್ಲ. ಅವರು ಹೇಳಿದ್ದು ಎಷ್ಟು ಎಂಬುದನ್ನೂ ನೋಡಬೇಕು. ಕೂದಲು ಉದ್ದ ಬೆಳೆಯುತ್ತದೆ ಎನ್ನಲಿಲ್ಲ, ಬೋಳುತಲೆ ತುಂಬುತ್ತದೆ ಎನ್ನಲಿಲ್ಲ. ಇರುವ ಕೂದಲು ತೊಳೆತದಲ್ಲಿ ಸವೆಯುವುದು ಕಡಿಮೆಯಾಗುತ್ತದೆ ಎಂದರು, ಅಷ್ಟೇ. ಸ್ವಾರ್ಥಿಗಳ ಬಾಯಲ್ಲೂ ಇಷ್ಟು ಚಿಕ್ಕ ಮಾತು ಬಂದರೆ, ಅದಕ್ಕೆ ಅಣುವಿನ ಆಕಾರದ ಕಾರಣವೂ ಇದ್ದರೆ, ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಇದಕ್ಕೆ ಹೋಲಿಸಿದರೆ ಈರುಳ್ಳಿ ಎಣ್ಣೆಯ ಕತೆ ನೋಡಿ. 2002ರಲ್ಲಿ ಇರಾಕಿನ ಸಂಶೋಧಕರು ಹಸಿ ಈರುಳ್ಳಿ ರಸವನ್ನು 23 ಮಂದಿಗೆ ಹಚ್ಚಿ ಪರೀಕ್ಷಿಸಿದ್ದು ನಿಜ. ಆದರೆ ಅವರೆಲ್ಲ ತಲೆಯಲ್ಲಿ ನಾಣ್ಯದಂತೆ ದುಂಡಗೆ ಕೂದಲು ಉದುರುವ ಅಲೋಪೀಶಿಯಾ ಏರಿಯೇಟಾ ಇದ್ದವರು. ಅದು ಹಲವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ರಸ ಬೇರೆ, ಎಣ್ಣೆ ಬೇರೆ. ಆ ಕಾಯಿಲೆ ಬೇರೆ, ಎಲ್ಲರ ಕೂದಲುದುರುವಿಕೆ ಬೇರೆ. ಇಷ್ಟು ದೂರ ಹಾರಿ ಬಂದ ಸಾಕ್ಷ್ಯಕ್ಕೆ ನಾವು ಕೊಡುವ ಬೆಲೆ ಮಿಲಿಗೆ ಎಷ್ಟು ಎಂದು ಮತ್ತೆ ಕೇಳಬೇಕೆನಿಸುತ್ತದೆ.

ಪ್ರಶ್ನೆ: ತಲೆಹೊಟ್ಟಿಗೆ ನಿಮ್ಮನ್ನೇ ಬಿಸಿ ಮಾಡಿ ತಿಕ್ಕುತ್ತಾರಲ್ಲ?

ಎಣ್ಣೆ: ತಪ್ಪು. ಹೊಟ್ಟಿಗೆ ಕಾರಣವಾಗುವ ಮಲಸೀಝಿಯಾ ಎಂಬ ಶಿಲೀಂಧ್ರಕ್ಕೆ ಕೊಬ್ಬೇ ಊಟ. ನನ್ನನ್ನು ತಿಕ್ಕಿದರೆ ಅದಕ್ಕೆ ಹಬ್ಬ. ಅಂಥವರು ಔಷಧದಂಗಡಿಯಲ್ಲಿ ಕೀಟೋಕೊನಝೋಲ್ ಶಾಂಪೂ ಕೇಳಲಿ. ಮೊಡವೆ ಇರುವ ಮುಖಕ್ಕೂ ನಾನು ಬೇಡ, ರಂಧ್ರ ಮುಚ್ಚುತ್ತೇನೆ. ನೋಡಿ, ಎಷ್ಟು ಪ್ರಾಮಾಣಿಕವಾಗಿ ಹೇಳಿದೆ! ಯಾಕೆಂದರೆ ನಾನು ತಿನ್ನುವ ಎಣ್ಣೆ.

ಪ್ರಶ್ನೆ: ತಿನ್ನುವ ಎಣ್ಣೆ ಎಂದಿರಿ, ಒಳ್ಳೆಯದಾಯಿತು. ನಿಮ್ಮಲ್ಲಿ ಶೇ 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ಹೃದಯ ತಜ್ಞರು ನಿಮ್ಮನ್ನು ಮಿತವಾಗಿ ಬಳಸಿ ಎನ್ನುತ್ತಾರೆ. ತಲೆಯ ಮೇಲೆ ನಿಮಗಿರುವಷ್ಟು ಒಳ್ಳೆಯ ಸಾಕ್ಷ್ಯ ತಟ್ಟೆಯಲ್ಲಿ ಇಲ್ಲವಲ್ಲ?

ಎಣ್ಣೆ: ಮುಂದಿನ ಪ್ರಶ್ನೆ.

ಪ್ರಶ್ನೆ: ಸರಿ. ನಿಮ್ಮ ಅಡುಗೆಮನೆಯ ನೆಂಟರ ವಿಷಯಕ್ಕೆ ಬರೋಣ. ಸೀಗೆಪುಡಿಯ ಬಗ್ಗೆ ನನಗೆ ತಕರಾರಿಲ್ಲ. ಅದರಲ್ಲಿರುವ ಸಪೋನಿನ್ ನಿಜವಾಗಿಯೂ ಜಿಡ್ಡು ಬಿಡಿಸುತ್ತದೆ, ಕಣ್ಣಿಗೆ ಬಿದ್ದರೆ ಉರಿಸುತ್ತದೆ, ಎರಡೂ ನಿಜ. ಕಡಲೆಹಿಟ್ಟಿನ ಬಗ್ಗೆಯೂ ತಕರಾರಿಲ್ಲ. ಆದರೆ ಸರಳ ಪರ್ಯಾಯ ಎಂದೊಡನೆ ಕೈಗೆ ಸಿಕ್ಕಿದ್ದನ್ನೆಲ್ಲ ಮುಖಕ್ಕೆ ಮೆತ್ತಿಕೊಳ್ಳುವ ಚಾಳಿಯೊಂದು ಬೆಳೆದಿದೆ. ನಿಂಬೆರಸ ಚರ್ಮಕ್ಕಿಂತ ಎಷ್ಟೋ ಪಟ್ಟು ಹುಳಿ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆ ಬೀಳಬಹುದು. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ, ಕ್ಷಾರ. ಬಿಸಿಲಿನಿಂದ ರಕ್ಷಣೆ ಕೊಡುವ ಸನ್‌ಸ್ಕ್ರೀನಿಗೆ ಅಡುಗೆಮನೆಯಲ್ಲಿ ಬದಲಿಯೇ ಇಲ್ಲ, ನೀವೂ ಅಲ್ಲ. ಹುಳುಕಡ್ಡಿಗೆ ಔಷಧವೇ ಬೇಕು. ಉಳಿತಾಯ ಎಂದರೆ ಹತ್ತು ಬಾಟಲಿಯ ಜಾಗದಲ್ಲಿ ಹತ್ತು ಬಟ್ಟಲು ಇಡುವುದಲ್ಲ. ಎಂಟನ್ನು ಬಿಟ್ಟುಬಿಡುವುದು. ಒಣಚರ್ಮಕ್ಕೆ ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗ ಹಚ್ಚಿದ ಸಾದಾ ಪೆಟ್ರೋಲಿಯಂ ಜೆಲ್ಲಿ ನೀರು ಆರದಂತೆ ತಡೆಯುವಷ್ಟು ಚೆನ್ನಾಗಿ ತಡೆಯುವ ವಸ್ತುಗಳು ಕಡಿಮೆ. ಅದು ನೈಸರ್ಗಿಕವಲ್ಲ ಎಂದು ಮೂಗು ಮುರಿಯುವವರಿಗೆ ಒಂದೇ ಉತ್ತರ: ಪಾದರಸವೂ ನೈಸರ್ಗಿಕವೇ.

ಪಾದರಸದ ಹೆಸರು ಬಂದ ಮೇಲೆ ಬಾಟಲಿಯನ್ನು ಸ್ವಲ್ಪ ಪಕ್ಕಕ್ಕಿಡಬೇಕು. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2023ರ ಹೊತ್ತಿಗೆ ಒಂದರ ಹಿಂದೆ ಒಂದು ಮೂತ್ರಪಿಂಡದ ಕಾಯಿಲೆಯ ಪ್ರಕರಣ ನೋಡಿದರು. ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿತ್ತು, ಮೈ ಊದುತ್ತಿತ್ತು. ಹಲವರಲ್ಲಿ ಸಮಾನವಾಗಿದ್ದದ್ದು ಮುಖ ಬೆಳ್ಳಗಾಗಿಸುವ ಕ್ರೀಮು, ಅದರಲ್ಲಿ ಪಾದರಸ. ಪಾದರಸ ಚರ್ಮದ ಬಣ್ಣ ತಯಾರಾಗದಂತೆ ತಡೆಯುತ್ತದೆ, ಚರ್ಮದೊಳಕ್ಕೆ ಇಳಿದು ಮೂತ್ರಪಿಂಡ ಸೇರುತ್ತದೆ. ಯಾರು ಕೊಂಡರು ಇದನ್ನು? ದುಬಾರಿ ಕ್ರೀಮು ಕೊಳ್ಳಲಾಗದವರು, ಬೆಳ್ಳಗಿದ್ದರೆ ಕೆಲಸ ಸಿಗುತ್ತದೆ, ಮದುವೆ ಆಗುತ್ತದೆ ಎಂದು ದಶಕಗಳ ಕಾಲ ಟಿವಿಯಲ್ಲಿ ಕೇಳಿಸಿಕೊಂಡವರು. ಆಸೆ ಹುಟ್ಟಿಸಿದವರು ಬೇರೆ, ಅದನ್ನು ಅಗ್ಗದಲ್ಲಿ ತೀರಿಸಿದವರು ಬೇರೆ. ನೋವು ಮಾತ್ರ ಒಬ್ಬ ಹುಡುಗಿಯದು. ಬೆಳ್ಳಗಾಗಲೆಂದೇ ಹಚ್ಚಿಕೊಳ್ಳುವ ಸ್ಟೆರಾಯ್ಡ್ ಕ್ರೀಮುಗಳನ್ನೂ 2018ರಲ್ಲಿ ವೈದ್ಯರ ಚೀಟಿ ಬೇಕಾದ ಪಟ್ಟಿಗೆ ಸೇರಿಸಲಾಯಿತು. ಚೀಟಿ ಕೇಳದೆ ಕೊಡುವ ಅಂಗಡಿ ಯಾವುದು ಎಂದು ಪ್ರತಿ ಊರಿಗೂ ಗೊತ್ತು, ತಪಾಸಣೆ ಮಾಡಬೇಕಾದವರನ್ನು ಬಿಟ್ಟು. ಇಲ್ಲಿ ಮಿಲಿಗೆ ಎಷ್ಟು ಎಂಬ ನನ್ನ ಲೆಕ್ಕ ನಾಚಿಕೆಗೇಡು. ತಯಾರಕರ ವಿಳಾಸವಿಲ್ಲದ, ಒಳಗೇನಿದೆ ಎಂದು ಬರೆಯದ ಬಿಳಿ ಡಬ್ಬಿ ಪುಕ್ಕಟೆಯಾಗಿ ಸಿಕ್ಕರೂ ದುಬಾರಿ. ಕಪ್ಪು ಚರ್ಮ ರೋಗವಲ್ಲ, ಅದಕ್ಕೆ ಸರಳ ಪರ್ಯಾಯವೂ ಬೇಡ, ಕಠಿಣ ಪರ್ಯಾಯವೂ ಬೇಡ.

ಎಣ್ಣೆ: ನೀವು ಸಿಟ್ಟಾದಿರಿ. ನನ್ನ ಕೇಸಿನ ಬಗ್ಗೆ ಯಾರೂ ಇಷ್ಟು ಸಿಟ್ಟಾಗಲಿಲ್ಲ.

ಪ್ರಶ್ನೆ: ಹಾಗಾದರೆ ಅದಕ್ಕೇ ಬರುತ್ತೇನೆ. ಅಷ್ಟು ವರ್ಷ ಹೋರಾಡಿ ತಿನ್ನುವ ಎಣ್ಣೆ ಎನಿಸಿಕೊಂಡಿರಿ. ಆದರೆ ನಿಮ್ಮ ಪರವಾಗಿ ಗಟ್ಟಿ ಸಾಕ್ಷ್ಯ ಇರುವುದು ತಲೆಯ ಮೇಲೆ, ತಕರಾರು ಇರುವುದು ತಟ್ಟೆಯಲ್ಲಿ. ಸುಂಕದವರು ತಪ್ಪು ಕಾರಣಕ್ಕೆ ಸರಿಯಾದ ಮಾತನ್ನೇ ಹೇಳಿದ್ದರೇನೋ? ಹೃದಯದ ವಿಷಯಕ್ಕೆ ಈಗಲಾದರೂ ಉತ್ತರಿಸುತ್ತೀರಾ?

(ಉತ್ತರ ಬರಲಿಲ್ಲ. ಬೆಂಗಳೂರಿನ ಡಿಸೆಂಬರ್ ಸಂಜೆ, ಉಷ್ಣಾಂಶ 24 ಡಿಗ್ರಿಗಿಂತ ಕೆಳಗೆ ಇಳಿದಿತ್ತು. ಬಾಟಲಿ ಹೆಪ್ಪುಗಟ್ಟಿತ್ತು. ಹಾಗೆ ಹೆಪ್ಪುಗಟ್ಟಿಸಿದ್ದು ಅದೇ ಸ್ಯಾಚುರೇಟೆಡ್ ಕೊಬ್ಬು.)